ಬಾಗಿಲ ಮೇಲಿನ ‘ನಾಳೆ ಬಾ’

ಪ್ರೀತಿಯ ತಂಗಿ,

ನಿನ್ನ ಕತೆ ಓದಿದೆ. ಚಿಕ್ಕಂದಿನಲ್ಲಿ ಕೇಳಿ ಹೆದರಿದ ‘ನಾಳೆ ಬಾ’ ದೆವ್ವವನ್ನೇ ಆರಿಸಿಕೊಂಡೆಯಲ್ಲ, ಖುಷಿಯಾಯಿತು. 1990ರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಳಿಂದ ಹಳ್ಳಿಗಳವರೆಗೆ ಬಾಗಿಲ ಮೇಲೆ ಆ ಎರಡು ಪದ ನೋಡಿದವರು ಇವತ್ತಿಗೂ ಮರೆತಿಲ್ಲ.

ಆದರೆ ಬಿಳಿ ಸೀರೆ, ಕೆದರಿದ ಕೂದಲು, ಹಿಂದುಮುಂದಾದ ಪಾದ ಎಲ್ಲ ತೆಗೆದುಬಿಡು. ಈ ದೆವ್ವಕ್ಕೆ ಅದ್ಯಾವುದೂ ಬೇಡ. ಅದು ರಾತ್ರಿ ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ. ತೆರೆದರೆ ಸಾವು; ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಭಯ ಇರೋದು ಆ ದನಿಯಲ್ಲಿ. ಕರೆಂಟ್ ಹೋಗಿದೆ, ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬರೋದು ತಡವಾಗಿದೆ. ಹೊರಗಿನಿಂದ ‘ನಾನೇ ಕಣೇ, ಬಾಗಿಲು ತೆಗಿ’ ಅನ್ನುತ್ತಾರೆ. ಅಮ್ಮನ ಕೈ ಚಿಲಕದ ಮೇಲಿದೆ, ಎಳೆಯುತ್ತಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನ ದನಿಯನ್ನೇ ಅವಳು ನಂಬಲಾರಳು. ನಿನ್ನ ಕತೆ ಅಲ್ಲಿದೆ ತಂಗಿ. ಅಲ್ಲಿ ನಿಧಾನ ಮಾಡು. ರಾತ್ರಿ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೇ ಓಗೊಡಬೇಡ ಅಂತ ಅಜ್ಜಿಯರು ಹೇಳುತ್ತಿದ್ದರು ಅಲ್ವಾ? ಅದೇ ಹಳೆಯ ಭಯ ಇದು, ಪೇಟೆಗೆ ಬಂದಿದೆ ಅಷ್ಟೆ.

ಬಾಗಿಲ ಮೇಲೆ ಬರೆದವರು ಯಾರು ಅಂತಲೂ ಯೋಚಿಸು. ಆ ಮನೆಯಲ್ಲಿ ಅಕ್ಷರ ಬಲ್ಲವಳು ಮೂರನೇ ಕ್ಲಾಸಿನ ಹುಡುಗಿ ಒಬ್ಬಳೇ ಆಗಿದ್ದರೆ? ಸೀಮೆಸುಣ್ಣ ಹಿಡಿದು ಬರೆದಿದ್ದಾಳೆ. ರಾತ್ರಿ ಮಲಗಿದ ಮೇಲೆ ಅನುಮಾನ: ‘ನಾ’ಕ್ಕೆ ದೀರ್ಘ ಕೊಟ್ಟೆನಾ? ತಪ್ಪಿದ್ದರೆ ದೆವ್ವಕ್ಕೆ ಓದೋಕೆ ಆಗುತ್ತಾ? ಇಡೀ ಮನೆಯ ಜೀವ ಅವಳ ಕೈಬರಹದ ಮೇಲೆ ನಿಂತಿದೆ. ಮಳೆ ಬಂದರೆ ಮತ್ತೆ ಬರೆಯಬೇಕು.

ಕೊನೆಯ ಪುಟದಲ್ಲಿ ‘ಅದೆಲ್ಲ ಬರೀ ವದಂತಿ’ ಅಂತ ನೀನೇ ಬಂದು ಹೇಳುತ್ತೀಯ. ಅದು ಬೇಡ. ಆ ಜನ ನಿಜವಾಗಿ ಹೆದರಿದ್ದರು, ಆ ಭಯದ ಪಕ್ಕ ನಿಂತು ಬರಿ. ಅಂಥ ರಾತ್ರಿ ಕಷ್ಟದಲ್ಲಿದ್ದ ಯಾರೋ ನಿಜಕ್ಕೂ ಬಾಗಿಲು ತಟ್ಟಿದ್ದರೆ ಅವರ ಗತಿ ಏನಾಗಿರಬಹುದು? ನನಗೆ ದೆವ್ವಕ್ಕಿಂತ ಈ ಪ್ರಶ್ನೆಯೇ ಜಾಸ್ತಿ ಕಾಡುತ್ತದೆ.

ತಿದ್ದುವ ಮೊದಲು ನಿಮ್ಮ ಬೀದಿಯ ಹಿರಿಯರ ಹತ್ತಿರ ಕೂತು ಕೇಳು. ಒಬ್ಬರು ಮಾಟಗಾತಿ ಅಂತಾರೆ, ಇನ್ನೊಬ್ಬರು ಗಂಡನನ್ನು ಹುಡುಕುತ್ತಾ ಬರುವ ಮದುಮಗಳು ಅಂತಾರೆ. ಎಲ್ಲವನ್ನೂ ಸೇರಿಸಬೇಡ. ನಿನಗೆ ಈಗಲೂ ಮೈ ಜುಂ ಅನ್ನಿಸೋದು ಯಾವುದೋ ಅದನ್ನೇ ಇಟ್ಟುಕೊಂಡು ಬರಿ. ಮುಗಿದ ತಕ್ಷಣ ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಕ್ಕ