ದೋಷಗಳ ಪಟ್ಟಿಗೆ ಸೇರಿಸುವ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ. ರಾಬರ್ಟ್ ಝೆಮೆಕಿಸ್ ಅವರು ನಿರ್ದೇಶಿಸಿದ 1985ರ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದಲ್ಲಿನ ತಪ್ಪುಗಳನ್ನು ಕಳುಹಿಸುವವರು, ಆಯಾ ದೃಶ್ಯವನ್ನು ಇನ್ನೊಮ್ಮೆ ನೋಡಿದ ಬಳಿಕವೇ ಬರೆಯಬೇಕೆಂದು ಕೋರುತ್ತೇವೆ.

ಮೊದಲು ‘ಟ್ವಿನ್ ಪೈನ್ಸ್ ಮಾಲ್’ ಎಂದಿದ್ದ ಫಲಕ ಕೊನೆಯಲ್ಲಿ ‘ಲೋನ್ ಪೈನ್ ಮಾಲ್’ ಆಗಿರುವುದು ದೋಷವಲ್ಲ. ಕಾಲಯಂತ್ರವಾಗಿರುವ ಕಾರಿನಲ್ಲಿ 1985ರಿಂದ 1955ಕ್ಕೆ ಹೋದ ಕಥಾನಾಯಕ ಮಾರ್ಟಿ, ಗುಂಡು ಹಾರಿಸುತ್ತಿರುವ ರೈತನಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಎರಡು ಪೈನ್ ಸಸಿಗಳ ಪೈಕಿ ಒಂದರ ಮೇಲೆ ಕಾರು ಹಾಯಿಸುತ್ತಾನೆ. ಹಾಗಾಗಿ ಮೂವತ್ತು ವರ್ಷಗಳ ನಂತರ ಮಾಲಿನ ಹೆಸರೇ ಬದಲಾಗಿದೆ. ಊರಿನ ನ್ಯಾಯಾಲಯ ಕಟ್ಟಡದ ಗಡಿಯಾರದ ಕೆಳಗಿನ ಕಲ್ಲಿನ ಅಂಚು ಕೊನೆಯ ದೃಶ್ಯಗಳಲ್ಲಿ ಮುರಿದು ಕಾಣುವುದಕ್ಕೂ ಕಾಲಯಂತ್ರ ರೂಪಿಸಿದ ವಿಜ್ಞಾನಿ ಡಾಕ್ ಬ್ರೌನ್ 1955ರಲ್ಲಿ ಅದರ ಮೇಲೆ ಕಾಲಿಟ್ಟದ್ದೇ ಕಾರಣ. ಇಷ್ಟು ಶ್ರದ್ಧೆಯಿಂದ ಹೆಣೆದ ವಿವರಗಳನ್ನು ತಪ್ಪೆಂದು ಕರೆಯುವುದು ಚಿತ್ರತಂಡಕ್ಕೆ ಮಾಡುವ ಅನ್ಯಾಯವೇ ಸರಿ.

ಆದರೆ 1955ರ ಶಾಲೆಯ ನೃತ್ಯಕೂಟದಲ್ಲಿ ಮಾರ್ಟಿ ನುಡಿಸುವ ಕೆಂಪು ಗಿಬ್ಸನ್ ಇಎಸ್-345 ಗಿಟಾರ್ ಖಂಡಿತವಾಗಿ ಪಟ್ಟಿಗೆ ಸೇರುತ್ತದೆ, ಏಕೆಂದರೆ ಆ ಮಾದರಿ ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಇದು ಕಾಲದ ತಪ್ಪಾದ್ದರಿಂದ, ಒಂದು ಶಾಟಿನಿಂದ ಇನ್ನೊಂದಕ್ಕೆ ವಸ್ತು, ಉಡುಪು ಬದಲಾಗುವ ತಪ್ಪುಗಳೊಂದಿಗೆ ಇದನ್ನು ಬೆರೆಸಬೇಡಿ.

ಕಳುಹಿಸುವಾಗ ಚಿತ್ರದ ಎಷ್ಟನೇ ನಿಮಿಷವೆಂಬುದನ್ನು ತಪ್ಪದೆ ನಮೂದಿಸಿ.