ಕರೆಯದೆ ಬಂದ ಎನಿಮೋನ್: ಕೊಲ್ಲುವ ಮುಂಚೆ ಮಕ್ಕಳಿಗೆ ತೋರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯ ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಬಂದ ಲೇಖನ ಓದಿದೆ. ನಮ್ಮ ಭಾಗದಲ್ಲೂ ಈ ಹವ್ಯಾಸದ ಬಗ್ಗೆ ಬರೆಯೋರು ಇದ್ದಾರಲ್ಲ ಅಂತ ಖುಷಿಯಾಯಿತು. ಆದರೆ ಅದರಲ್ಲಿನ ಒಂದು ಮಾತನ್ನು ಒಪ್ಪೋಕೆ ಆಗಲಿಲ್ಲ. ಟ್ಯಾಂಕಿಗೆ ಹಾಕುವ ಕಲ್ಲಿನ ಜೊತೆ ಅಂಟಿಕೊಂಡು ಬರುವ ಎನಿಮೋನ್‌ಗಳು, ಅಂದರೆ ಹೂವಿನ ಹಾಗೆ ಕಾಣುವ ಕಡಲ ಪ್ರಾಣಿಗಳು, ಬರೀ ಪೀಡೆ, ಕಂಡ ಕೂಡಲೇ ಕೊಂದುಬಿಡಿ ಅಂತ ಬರೆದಿದ್ದರು. ಪೀಡೆ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಡಲು ನೋಡಬೇಕು ಅಂದರೆ ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲೆ ಮುಟ್ಟಬೇಕಾದ ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ, ಇಷ್ಟು ಕಡಿಮೆ ಖರ್ಚಿನಲ್ಲಿ, ಇಷ್ಟು ಹತ್ತಿರದಿಂದ ನೋಡೋಕೆ ಸಿಗುವ ಕಡಲ ಪ್ರಾಣಿ ಇನ್ನೊಂದಿಲ್ಲ. ಅದನ್ನು ಸುಮ್ನೆ ಸಾಯಿಸಬೇಡಿ, ಶಾಲೆಗೆ ಕೊಡಿ ಅನ್ನೋದು ನನ್ನ ವಾದ.

ನಮ್ಮ ಮನೆಯ ಟ್ಯಾಂಕಿಗೆ ಇದು ಬಂದದ್ದು ಬೆಂಗಳೂರಿನ ಹವ್ಯಾಸಿಯೊಬ್ಬರ ಹಳೇ ಟ್ಯಾಂಕಿನಿಂದ ತಂದ ಕಲ್ಲಿನ ಜೊತೆ. ಅದು ಕಡಲಿನ ಕಲ್ಲಲ್ಲ, ಸಿಮೆಂಟಿನಿಂದ ಮಾಡಿದ್ದು. ಆದರೂ ವರ್ಷಗಟ್ಟಲೆ ಉಪ್ಪುನೀರಿನಲ್ಲಿ ಇದ್ದ ಕಲ್ಲು ಅಂದರೆ ಅದರ ಸಂದಿಯಲ್ಲಿ ಏನೇನೋ ಜೀವ ಇರುತ್ತದೆ. ಲೈಟ್ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಒಂದು ತೂತಿನಿಂದ ಚಹಾ ಬಣ್ಣದ, ಆಚೆ ಬದಿ ಕಾಣುವಷ್ಟು ತೆಳ್ಳಗಿನ ಎಳೆಗಳು ಮೆಲ್ಲಗೆ ಹೊರಗೆ ಬಂದವು. ಗಾಜಿಗೆ ಬೆರಳು ತಾಗಿಸಿದೆ. ಅಷ್ಟಕ್ಕೇ ಒಳಗೆ ಹೋಗಿಬಿಟ್ಟಿತು, ಕಲ್ಲು ಮಾತ್ರ ಉಳಿಯಿತು. ಇದೇ ಐಪ್ಟೇಸಿಯಾ. ಗ್ಲಾಸ್ ಎನಿಮೋನ್ ಅಂತಲೂ ಕರೆಯುತ್ತಾರೆ. ಹೀಗೆ ಬರುವ ಇನ್ನೊಂದು ಜಾತಿ ಮಜಾನೊ. ಅದರ ಎಳೆಗಳು ಗಿಡ್ಡ, ತುದಿ ಸ್ವಲ್ಪ ಉಬ್ಬಿರುತ್ತದೆ.

ಅಣ್ಣನ ಮಗಳು ಮೊದಲ ಸಲ ನೋಡಿ ಕೇಳಿದ್ದು, "ಕಾಕಾ, ಇದು ಹೂವಾ, ಹುಳಾನಾ?" ಎರಡೂ ಅಲ್ಲ ಅಂದೆ. ಚಿಮಟದಲ್ಲಿ ಸೀಗಡಿಯ ಸಣ್ಣ ಚೂರು ಹಿಡಿದು ಒಂದು ಎಳೆಗೆ ತಾಗಿಸಿ ತೋರಿಸಿದೆ. ಚೂರು ಅಲ್ಲೇ ಅಂಟಿಕೊಂಡಿತು. ಎಳೆಯ ಚರ್ಮದ ತುಂಬ ಕುಟುಕುವ ಕೋಶಗಳಿರುತ್ತವೆ. ಒಂದೊಂದರ ಒಳಗೂ ಸುರುಳಿ ಸುತ್ತಿದ ನಳಿಕೆ, ಬೇಟೆ ತಾಗಿದ ಕೂಡಲೇ ಅದು ಚಿಮ್ಮಿ ಚುಚ್ಚುತ್ತದೆ. ಆಮೇಲೆ ಅಕ್ಕಪಕ್ಕದ ಎಳೆಗಳೂ ಬಾಗಿದವು, ನಡುವಿನ ಸೀಳಿನಂಥ ಬಾಯಿ ಅಗಲವಾಯಿತು, ಚೂರು ಒಳಗೆ ಹೋಯಿತು. ಕೆಲವು ತಾಸು ಬಿಟ್ಟು ನೋಡಿದರೆ ಜೀರ್ಣವಾಗದೆ ಉಳಿದದ್ದನ್ನು ಲೋಳೆಯ ಉಂಡೆ ಮಾಡಿ ಅದೇ ಬಾಯಿಂದ ಹೊರಗೆ ಹಾಕುತ್ತಿತ್ತು. ಅದಕ್ಕೆ ಬೇರೆ ದಾರಿಯೇ ಇಲ್ಲ. ಹುಡುಗಿಗೆ ಇದನ್ನು ಪುಸ್ತಕದಿಂದ ಕಲಿಸೋಕೆ ಎಷ್ಟು ಹೊತ್ತು ಬೇಕಾಗುತ್ತಿತ್ತೋ, ಇಲ್ಲಿ ತಾನೇ ನೋಡಿ ತಿಳಿದುಕೊಂಡಳು. ಎನಿಮೋನ್ ಎಳೆಗಳ ನಡುವೆ ವಾಸ ಮಾಡುವ ಕ್ಲೌನ್ ಮೀನು ಯಾಕೆ ಇದರಲ್ಲಿ ಕೂರೋದಿಲ್ಲ ಅಂತಲೂ ಕೇಳಿದಳು. ಜಗತ್ತಿನಲ್ಲಿ ಸಾವಿರಕ್ಕೂ ಜಾಸ್ತಿ ಜಾತಿಯ ಎನಿಮೋನ್‌ಗಳಿವೆ, ಕಡಲಿನಲ್ಲಿ ಆ ಮೀನಿಗೆ ಮನೆಯಾಗೋದು ಅದರಲ್ಲಿ 10 ಮಾತ್ರ. ಇದು ಆ ಪಟ್ಟಿಯಲ್ಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬಣ್ಣದ ವಿಷಯ. ಟ್ಯಾಂಕಿನ ಕೆಳಗೆ ಫಿಲ್ಟರ್ ಇರುವ ಸಂಪ್‌ನಲ್ಲಿ, ಬೆಳಕೇ ಬೀಳದ ಮೂಲೆಯಲ್ಲಿ, ಇದೇ ಐಪ್ಟೇಸಿಯಾ ಬೆಳೆದಿದೆ. ಅಲ್ಲಿ ಅದು ಬೆಳ್ಳಗೆ. ಮೇಲಿನದು ಕಂದು. ಪ್ರಾಣಿ ಒಂದೇ. ಕಂದು ಬಣ್ಣ ಅದರದ್ದಲ್ಲ, ಅದರ ಮೈಯೊಳಗೆ ವಾಸ ಮಾಡುವ, ಬರಿಗಣ್ಣಿಗೆ ಕಾಣದ ಪಾಚಿಯದ್ದು. ಪಾಚಿ ಬೆಳಕಿನಿಂದ ಆಹಾರ ಮಾಡಿ ಒಡೆಯನಿಗೂ ಕೊಡುತ್ತದೆ, ಒಡೆಯ ಅದಕ್ಕೆ ಜಾಗ ಕೊಡುತ್ತಾನೆ. ಬೆಳಕಿಲ್ಲದಿದ್ದರೆ ಪಾಚಿ ಹೋಗುತ್ತದೆ, ನೀರು ಜಾಸ್ತಿ ಕಾದರೂ ಹೋಗುತ್ತದೆ. ಎನಿಮೋನ್‌ನ ಸಂಬಂಧಿ ಪ್ರಾಣಿಯಾದ ಹವಳಕ್ಕೆ ಆಗೋದೂ ಇದೇ. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬೆಳ್ಳಗಾದದ್ದನ್ನು ನಾವು ಪತ್ರಿಕೆಯಲ್ಲಿ ಒಂದು ಫೋಟೊ ನೋಡಿ ಮುಂದಿನ ಪುಟಕ್ಕೆ ಹೋಗುತ್ತೇವೆ, ಅಲ್ವಾ? ಹವಳ ಪಾಚಿ ಕಳೆದುಕೊಂಡರೆ ಹೆಚ್ಚು ದಿನ ತಡೆಯೋದು ಕಷ್ಟ. ಐಪ್ಟೇಸಿಯಾ ಮಾತ್ರ ತಿನ್ನೋಕೆ ಕೊಟ್ಟರೆ ಪಾಚಿ ಇಲ್ಲದೆಯೂ ಬದುಕುತ್ತದೆ. ಹವಳ ನಿಧಾನಕ್ಕೆ ಬೆಳೆಯುತ್ತದೆ, ಮೈಯಲ್ಲಿ ಸುಣ್ಣದ ಗೂಡು ಬೇರೆ ಇರುತ್ತದೆ. ಇದಕ್ಕೆ ಗೂಡಿಲ್ಲ, ಬೇಗ ಬೆಳೆಯುತ್ತದೆ. ಅದಕ್ಕೇ ಹವಳ ಯಾಕೆ ಬಿಳಿಚುತ್ತದೆ ಅಂತ ತಿಳಿಯಲು ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಇದನ್ನೇ ಸಾಕುತ್ತಾರೆ. 2015ರಲ್ಲಿ ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ವಿವರ ಕೂಡ ಪ್ರಕಟವಾಗಿದೆ. ಅಂಥ ಪ್ರಾಣಿ ನಮ್ಮ ವಿದ್ಯಾನಗರದ ಮನೆಯ ಕಲ್ಲಿನ ಮೇಲೆ ತಾನೇ ಬಂದು ಕೂತಿರುವಾಗ ಬರೀ ಪೀಡೆ ಅಂತ ಹೇಗೆ ಕರೆಯಲಿ?

ಹಾಗಂತ ಟ್ಯಾಂಕಿನ ತುಂಬ ಬಿಡಿ ಅಂತ ನಾನು ಹೇಳ್ತಾ ಇಲ್ಲ. ಪಕ್ಕದ ಹವಳವನ್ನು ಕುಟುಕಿ ಸಾಯಿಸುತ್ತದೆ, ನಿಜ. ನಡೆದಾಡುವಾಗ ಪಾದದ ಚೂರುಗಳನ್ನು ಹಿಂದೆ ಬಿಡುತ್ತದೆ, ಬಸಳೆ ಕಾಂಡ ಮುರಿದು ನೆಟ್ಟ ಹಾಗೆ ಒಂದೊಂದು ಚೂರೂ ಹೊಸ ಎನಿಮೋನ್ ಆಗುತ್ತದೆ. ಆದ್ದರಿಂದ ಕತ್ತರಿಸೋದು, ಕೆರೆಯೋದು ಬೇಡ, ಹತ್ತು ಪಟ್ಟು ಆಗುತ್ತವೆ. ಪಂಪ್ ಬಂದ್ ಮಾಡಿ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದರೆ ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಅದರ ಬಾಯಿ ಮುಚ್ಚುವಂತೆ ಹಾಕಬೇಕು. ಅದೂ ಒಂದೇ ದಿನ ಎಲ್ಲದಕ್ಕೂ ಅಲ್ಲ, ನೀರಿನ ಪಿಎಚ್ ಏರಿ ಮೀನು ಸಾಯುತ್ತವೆ. ಪೆಪರ್‌ಮಿಂಟ್ ಸೀಗಡಿಗಳಲ್ಲಿ ಕೆಲವು ತಿನ್ನುತ್ತವೆ, ಕೆಲವು ಮುಟ್ಟೋದೂ ಇಲ್ಲ. ಬರ್ಘಿಯಾ ಅನ್ನೋ ಚಿಪ್ಪಿಲ್ಲದ ಕಡಲ ಬಸವನಹುಳು ಇದನ್ನು ಬಿಟ್ಟರೆ ಬೇರೇನೂ ತಿನ್ನೋದಿಲ್ಲ.

ಒಂದು ಮಾತ್ರ ಯಾರೂ ಮಾಡಬೇಡಿ, ಇದನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ಕಲ್ಲನ್ನು ಒಲೆಯ ಮೇಲೆ ಕುದಿಸಬೇಡಿ. ಕಲ್ಲಿನ ಮೇಲೆ ಜೋವಾಂತಿಡ್ ಅನ್ನೋ, ಎನಿಮೋನ್‌ನ ಸಂಬಂಧಿ ಪ್ರಾಣಿಗಳು ಇದ್ದರೆ, ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತದೆ. ಹಬೆಯ ಜೊತೆ ಅದು ಉಸಿರಿಗೆ ಸೇರುತ್ತದೆ. ಈ ವಿಷದಿಂದ ಇಂಗ್ಲೆಂಡ್, ಅಮೆರಿಕದಲ್ಲಿ ಇಡೀ ಮನೆಯವರು ಆಸ್ಪತ್ರೆ ಸೇರಿದ್ದಾರೆ. ಹಾಗೆಯೇ ಬೇಡವಾದದ್ದನ್ನು ಗೋಕರ್ಣಕ್ಕೋ ಕಾರವಾರಕ್ಕೋ ಹೋದಾಗ ಕಡಲಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋ ಯೋಚನೆಯೂ ಬೇಡ. 1984ರಲ್ಲಿ ಮೊನಾಕೊದ ಅಕ್ವೇರಿಯಂ ಪಕ್ಕದ ಕಡಲಿನಲ್ಲಿ ಕಂಡ ಕಾಲೆರ್ಪಾ ಪಾಚಿ ಆಮೇಲೆ ಮೆಡಿಟರೇನಿಯನ್ ಕಡಲ ತಳದಲ್ಲಿ ಎಷ್ಟು ದೂರ ಹಬ್ಬಿತು ಅಂತ ಈ ಹವ್ಯಾಸದವರಿಗೆ ಗೊತ್ತಿರಬೇಕು. ಇನ್ನು ಹೊಸದಾಗಿ ಶುರು ಮಾಡೋರು ನಮ್ಮ ಕಡಲಿನ ಹವಳದ ಕಲ್ಲು ಕೊಳ್ಳಬೇಡಿ. 2001ರಿಂದ ಹವಳ ವನ್ಯಜೀವಿ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ.

ಈಗ ನನ್ನ ಕೋರಿಕೆ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ. ಇಬ್ಬರೂ ಸೇರಿ ವಿಜ್ಞಾನ ಕೇಂದ್ರದಲ್ಲಿ ಎರಡು ಸಣ್ಣ ಗಾಜಿನ ತೊಟ್ಟಿ ಇಡಲಿ, ಒಂದು ಬೆಳಕಿನಲ್ಲಿ, ಒಂದು ಕತ್ತಲಲ್ಲಿ, ಎರಡರಲ್ಲೂ ಐಪ್ಟೇಸಿಯಾ. ಕಂದು ಮತ್ತು ಬಿಳಿ ಪಕ್ಕಪಕ್ಕ ಕಂಡರೆ ಹವಳ ಬಿಳಿಚೋದು ಅಂದರೇನು ಅಂತ ಹಾವೇರಿ, ಗದಗದಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೂ ತಿಳಿಯುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ. ನಲ್ಲಿ ನೀರು ಆಗೋದಿಲ್ಲ, ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು, 25 ಡಿಗ್ರಿ ಆಸುಪಾಸಿನ ಶಾಖ, ಗಾಳಿ ಊದುವ ಸಣ್ಣ ಪಂಪ್, ಆಗಾಗ ಒಂದು ಚೂರು ಸೀಗಡಿ. ಆರಿದಷ್ಟು ಆರ್‌ಒ ನೀರು ತುಂಬುತ್ತಿರಬೇಕು, ಆಗಾಗ ಸ್ವಲ್ಪ ಉಪ್ಪುನೀರು ಬದಲಿಸಬೇಕು. ಸ್ವಲ್ಪ ಹೊತ್ತು ಕರೆಂಟ್ ಹೋದರೂ ಸಾಯೋ ಪ್ರಾಣಿ ಅಲ್ಲ. ಬರಿಗೈಯಲ್ಲಿ ಮುಟ್ಟಿ ಕಣ್ಣು ಉಜ್ಜಿಕೊಳ್ಳಬಾರದು ಅಂತ ಮಕ್ಕಳಿಗೆ ಹೇಳಿದರೆ ಸಾಕು.

ಅವಳಿ ನಗರದ ಯಾವ ಶಾಲೆಯ ವಿಜ್ಞಾನ ಮೇಷ್ಟ್ರೇ ಕೇಳಲಿ, ಟೀಚರೇ ಕೇಳಲಿ, ನನ್ನ ಟ್ಯಾಂಕಿನಿಂದ ಕಲ್ಲಿನ ಚೂರಿನ ಸಮೇತ ಕೊಡುತ್ತೇನೆ. ದುಡ್ಡು ಬೇಡ. ನನ್ನ ವಿಳಾಸ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ, ಕೇಳಿದವರಿಗೆ ತಿಳಿಸಿ. ಮುಚ್ಚಳ ಇರುವ ಡಬ್ಬಿ ತಂದರೆ ಸಾಕು, ಉಪ್ಪುನೀರು ಮಾಡೋದನ್ನೂ ಅವತ್ತೇ ತೋರಿಸಿಕೊಡುತ್ತೇನೆ.

– ನಿಮ್ಮ ಓದುಗ, ವಿದ್ಯಾನಗರ, ಹುಬ್ಬಳ್ಳಿ