ಎರಡು ಹಾಡಿಗೆ ಪೂರ್ತಿ ಟಿಕೆಟ್ ದುಡ್ಡು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಫೋಕ್ ರಾಕ್ ಕಾರ್ಯಕ್ರಮದ ಟಿಕೆಟ್ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಜುಲೈನಲ್ಲಿ ನಿಮ್ಮ ಮಂಗೋಲಿಯಾ ಪ್ಯಾಕೇಜಿನಲ್ಲಿ ನಾನು, ನನ್ನ ಹೆಂಡತಿ ಹೋಗಿಬಂದೆವು. ನಾದಮ್ ಹಬ್ಬದ ಕುಸ್ತಿ, ಕುದುರೆ ರೇಸು ಎಲ್ಲ ಚೆನ್ನಾಗಿತ್ತು. ಸಸ್ಯಾಹಾರಕ್ಕೆ ಪರದಾಡಿದ್ದನ್ನೂ ಉಪ್ಪು ಹಾಕಿದ ಹಾಲಿನ ಚಹಾವನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ. ನನ್ನ ತಕರಾರು ಜುಲೈ 10ರ ಸಂಜೆಯದು.

2018ರಲ್ಲಿ ಮಂಗೋಲಿಯಾದ ‘ದಿ ಹೂ’ ಎಂಬ ಫೋಕ್ ರಾಕ್ ಬ್ಯಾಂಡಿನ ವಿಡಿಯೋ ನೋಡಿದಾಗಿನಿಂದ ನನಗೆ ಈ ಸಂಗೀತದ ಹುಚ್ಚು. ಅಂಥದೊಂದು ಬ್ಯಾಂಡನ್ನು ಅವರ ಊರಲ್ಲೇ ನಿಂತು ಕೇಳಬೇಕು ಅಂತಲೇ ನಿಮ್ಮ ಟೂರ್ ಬುಕ್ ಮಾಡಿದ್ದು. ‘ಲೈವ್ ಶೋ, ಇಬ್ಬರಿಗೆ’ ಎಂದು ನೀವು ಬಿಲ್ಲಿನಲ್ಲಿ ಬೇರೆಯಾಗಿ 9,600 ರೂಪಾಯಿ ಹಾಕಿದ್ದೀರಿ.

ಶೋ ಇದ್ದದ್ದು ಸಂಜೆ 7ಕ್ಕೆ. ಬೆಳಿಗ್ಗೆ ಉಲಾನ್‌ಬಾತರ್‌ನಿಂದ 54 ಕಿಲೋಮೀಟರ್ ದೂರದ ಚೆಂಗೀಸ್ ಖಾನ್ ಪ್ರತಿಮೆ ತೋರಿಸಿದಿರಿ. 40 ಮೀಟರ್ ಎತ್ತರದ ಸ್ಟೀಲ್ ಪ್ರತಿಮೆ, ನೋಡಲೇಬೇಕಾದ್ದು. ಆಮೇಲೆ ತೆರೆಲ್ಜ್ ರಾಷ್ಟ್ರೀಯ ಉದ್ಯಾನದಲ್ಲಿ ಊಟ. ನಾಲ್ಕು ಗಂಟೆಗೆ ನಿಮ್ಮ ಟೂರ್ ಮ್ಯಾನೇಜರ್‌ಗೆ ನೆನಪಿಸಿದೆ. “ಚಿಂತೆ ಬಿಡಿ ಸಾರ್, ಇಲ್ಲಿಯವರೂ ನಮ್ಮ ಹಾಗೇ, ಲೇಟಾಗಿ ಶುರು ಮಾಡ್ತಾರೆ” ಅಂದರು. ಜುಲೈನಲ್ಲಿ ಅಲ್ಲಿ ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ. ಬಸ್ಸಿನಲ್ಲಿ ಯಾರಿಗೂ ಹೊತ್ತಾಗಿದೆ ಅನ್ನಿಸಲೇ ಇಲ್ಲ.

ದೇಶದ ಹೆಚ್ಚುಕಡಿಮೆ ಅರ್ಧ ಜನ ಆ ಒಂದೇ ಊರಲ್ಲಿದ್ದಾರೆ, ಟ್ರಾಫಿಕ್ ಇದ್ದೇ ಇರುತ್ತದೆ. ಸಿಲ್ಕ್ ಬೋರ್ಡ್ ದಾಟಿ ದಿನಾ ಆಫೀಸಿಗೆ ಹೋಗುವವನು ನಾನು, ಅದಕ್ಕೆ ಜಗಳ ಆಡಲ್ಲ. ಆದರೆ ಊರೊಳಗೆ ಬಂದ ಮೇಲೆ ಬಸ್ಸನ್ನು ಕ್ಯಾಶ್ಮಿಯರ್ ಉಣ್ಣೆ ಅಂಗಡಿ ಮುಂದೆ ನಿಲ್ಲಿಸಿದರು. ವೇಳಾಪಟ್ಟಿಯಲ್ಲಿ ಇಲ್ಲದ ಅಂಗಡಿ. ಅಲ್ಲೇ ಒಂದು ಗಂಟೆ ಹತ್ತು ನಿಮಿಷ! ಕಮಿಷನ್ ಯಾರಿಗೆ ಹೋಯಿತೋ, ನನಗೆ ಗೊತ್ತಿಲ್ಲ.

ಹಾಲ್ ತಲುಪಿದಾಗ 8:40. ಅವರು ಸರಿಯಾಗಿ ಏಳಕ್ಕೇ ಶುರು ಮಾಡಿದ್ದರಂತೆ. ಬಾಗಿಲು ತಳ್ಳಿದಾಗ ಡ್ರಮ್ ನಿಂತಿತ್ತು. ಒಬ್ಬನೇ ಮೊರಿನ್ ಖೂರ್ ಎಂಬ ಅಲ್ಲಿಯ ಪಿಟೀಲು ಹಿಡಿದು ಕೂತಿದ್ದ. ಎರಡೇ ತಂತಿ, ಅದೂ ಕುದುರೆ ಬಾಲದ ಕೂದಲಿನದು. ತುದಿಯಲ್ಲಿ ಕೆತ್ತಿದ ಕುದುರೆ ತಲೆ ಲೈಟಿಗೆ ಹೊಳೆಯುತ್ತಿತ್ತು. ಅವನು ಗಂಟಲಿನಿಂದ ಒಂದು ಸ್ವರ ಎಳೆದ. ಕೆಳಗೆ ಗುಡುಗಿನ ಹಾಗೆ ಒಂದು, ಅದರ ಮೇಲೆ ಸಿಳ್ಳೆಯ ಹಾಗೆ ಇನ್ನೊಂದು, ಎರಡೂ ಒಂದೇ ಬಾಯಿಂದ. ಇಯರ್‌ಫೋನಿನಲ್ಲಿ ನೂರು ಸಲ ಕೇಳಿದ್ದೆ. ಎದೆಗೂಡು ಅದುರುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. ಇದನ್ನೆಲ್ಲ ಕೇಳದಿದ್ದ ನನ್ನ ಹೆಂಡತಿ ಕೂಡ ಸುಮ್ನೆ ನನ್ನ ತೋಳು ಹಿಡಿದು ನಿಂತುಬಿಟ್ಟಳು. ಆಮೇಲೆ ಗಿಟಾರ್, ಡ್ರಮ್ ಸೇರಿ ಇನ್ನೊಂದು ಹಾಡು. 8:55ಕ್ಕೆ ಲೈಟ್ ಹತ್ತಿತು, ಮುಗಿಯಿತು.

ಹಣ ಕೇಳಿದರೆ ನಿಮ್ಮ ಉತ್ತರ ಏನು? “ಗೇಟಿನಲ್ಲಿ ಟಿಕೆಟ್ ಸ್ಕ್ಯಾನ್ ಆಗಿದೆ, ಸೇವೆ ಬಳಸಿದ್ದೀರಿ, ರೀಫಂಡ್ ಇಲ್ಲ.” ಮದುವೆ ಮನೆಗೆ ತಾಂಬೂಲ ಕೊಡುವ ಹೊತ್ತಿಗೆ ಕರೆದುಕೊಂಡು ಹೋಗಿ ಊಟದ ದುಡ್ಡು ಕೇಳಿದ ಹಾಗಾಯಿತು, ಅಲ್ವಾ? ಗೆರ್ (ಅಲ್ಲಿಯ ದುಂಡನೆ ಡೇರೆ) ಕ್ಯಾಂಪಿನಲ್ಲಿ ರಾತ್ರಿ ಒಬ್ಬರು ಹಾಡಿದ್ದರಲ್ಲ, ಅದೂ ಸಾಂಸ್ಕೃತಿಕ ಕಾರ್ಯಕ್ರಮವೇ ಎಂದೂ ಬರೆದಿದ್ದೀರಿ. ಹಾಡಿದವರು ಚೆನ್ನಾಗಿಯೇ ಹಾಡಿದರು. ಆದರೆ ನಾನು ದುಡ್ಡು ಕಟ್ಟಿದ್ದು ಅದಕ್ಕಲ್ಲ.

ಕೇಳಿದ ಎರಡು ಹಾಡಿನ ಲೆಕ್ಕ ಹಿಡಿದುಕೊಳ್ಳಿ, ಬೇಡ ಅನ್ನಲ್ಲ. 8,000 ರೂಪಾಯಿ 15 ದಿನದೊಳಗೆ ವಾಪಸ್ ಕೊಡಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ನಿಮ್ಮ ಬಿಲ್ಲು, ವೇಳಾಪಟ್ಟಿ ಲಗತ್ತಿಸಿದ್ದೇನೆ. ಜೊತೆಗೆ ಆ ಅಂಗಡಿಯಲ್ಲಿ ನನ್ನ ಹೆಂಡತಿ ಕೊಂಡ ಮಫ್ಲರಿನ ರಸೀದಿಯೂ ಇದೆ. ಅದರ ಮೇಲೆ ಸಮಯ 7:22 ಎಂದಿದೆ.

ಇಂತಿ,
ನಿಮ್ಮ ಗ್ರಾಹಕ